ಚೀಟಿಗಾಗಿ ಕಾದ ಡ್ರೆಸ್ಸರಣ್ಣ

ಗಾಯಕ್ಕೆ ಅಂಟಿಕೊಂಡ ಹಳೆಯ ಪಟ್ಟಿಯನ್ನು ಬಿಚ್ಚುವ ಮೊದಲು ಡ್ರೆಸ್ಸರಣ್ಣ ಒಂದು ಪ್ರಶ್ನೆ ಕೇಳುತ್ತಿದ್ದರು. "ನಿಮ್ಮೂರ ಕೆರೆ ಈ ಸಲ ತುಂಬ್ತಾ?" ಗಾಯಾಳು ಯಾವ ಜಿಲ್ಲೆಯವನಾದರೂ ಸರಿ, ಕೆರೆ ಎಂದ ಕೂಡಲೇ ಅವನ ಕಣ್ಣು ಗಾಯವನ್ನು ಬಿಟ್ಟು ಊರ ಕಡೆ ಹೋಗುತ್ತಿತ್ತು. "ಎಲ್ಲಿ ತುಂಬ್ತಣ್ಣಾ, ತೂಬಿನ ಮಟ್ಟಕ್ಕೂ ಬರ್ಲಿಲ್ಲ" ಎನ್ನುವಷ್ಟರಲ್ಲಿ ಪಟ್ಟಿ ಅಣ್ಣನ ಕೈಯಲ್ಲಿರುತ್ತಿತ್ತು. ಆಮೇಲೆ ಕೂಗಿಕೊಂಡು ಏನು ಪ್ರಯೋಜನ? ಆರು ವರ್ಷ ಪಕ್ಕದ ಕೋಣೆಯಲ್ಲಿ ಕುಳಿತು ನಾನು ಅದೆಷ್ಟು ಕೆರೆಗಳ ಸುದ್ದಿ ಕೇಳಿದ್ದೇನೋ ಲೆಕ್ಕವಿಲ್ಲ.

ಮದುವೆಯಾಗಿ ದಾವಣಗೆರೆಯಿಂದ ಬಂದು, ಪೀಣ್ಯದ ಅಡ್ಡರಸ್ತೆಯೊಂದರಲ್ಲಿದ್ದ ಆ ಸರ್ಕಾರಿ ಡಿಸ್ಪೆನ್ಸರಿಗೆ ನಾನು ಔಷಧ ಕೊಡುವ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಗಂಡನಿಗೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ, ಬಾಗಲಗುಂಟೆಯಲ್ಲಿ ಬಾಡಿಗೆ ಮನೆ. ಡಿಸ್ಪೆನ್ಸರಿ ಎಂದರೆ ಶೀಟು ಹೊದಿಸಿದ ನಾಲ್ಕು ಕೋಣೆ. ಒಂದು ಡಾಕ್ಟರಿಗೆ, ಒಂದು ನರ್ಸಮ್ಮನಿಗೆ, ಒಂದು ನನಗೆ. ಕೊನೆಯದರಲ್ಲಿ ಗಾಯ ತೊಳೆದು ಕಟ್ಟುವ ಇವರು. ಸರ್ಕಾರದ ಕಾಗದದಲ್ಲಿ ಆ ಹುದ್ದೆಗೆ ಡ್ರೆಸ್ಸರ್ ಎಂದು ಹೆಸರು. ಊರಿಗೆ ಅವರು ಡ್ರೆಸ್ಸರಣ್ಣ. ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ಅವರ ಬಾಗಿಲಿಗೆ ಮಾತು ತರುವುದು ನನಗೆ ಬೇಡ.

ಪೀಣ್ಯದಲ್ಲಿ ಆಗ ತಗಡು ಒತ್ತುವ ಪ್ರೆಸ್ಸುಗಳು ಬೀದಿಗೆ ಹತ್ತರಂತೆ ಇದ್ದವು. ವಾರಕ್ಕೆ ಒಬ್ಬಿಬ್ಬರಾದರೂ ಬೆರಳು ಕೊಟ್ಟು ಬರುತ್ತಿದ್ದರು. ಬಂದವರ ಕೈ ಗ್ರೀಸು, ಎಣ್ಣೆ, ಕಬ್ಬಿಣದ ಪುಡಿಯಿಂದ ಮೊಣಕೈವರೆಗೂ ಕಪ್ಪಾಗಿರುತ್ತಿತ್ತು. ಡ್ರೆಸ್ಸರಣ್ಣ ಗಾಯವನ್ನು ಆಮೇಲೆ ನೋಡುವವರು. ಮೊದಲು ಗಾಯವಿಲ್ಲದ ಇನ್ನೊಂದು ಕೈಯನ್ನು ಬಿಸಿನೀರು ಸೋಪು ಹಾಕಿ ಉಜ್ಜಿ ತೊಳೆಯುತ್ತಿದ್ದರು. ಡಾಕ್ಟರು ಒಳಗಿನಿಂದಲೇ ರೇಗುತ್ತಿದ್ದರು: "ಏನ್ರೀ ಅದು, ಮದುವೆ ಗಂಡಿಗೆ ಮಜ್ಜನ ಮಾಡಿಸ್ತಿದ್ದೀರಾ?" ನಾನೂ ಒಂದು ಸಲ ಕೇಳಿದೆ, ಚೆನ್ನಾಗಿರುವ ಕೈ ತೊಳೆದು ಏನು ಸಾಧಿಸ್ತೀರಿ ಅಂತ. "ಒಂದು ಕೈ ಬೆಳ್ಳಗಾದ್ರೆ ಅವ್ನಿಗೆ ಧೈರ್ಯ ಬತ್ತದೆ ಕಣಮ್ಮ. ತಾನು ಪೂರ್ತಿ ಕೆಟ್ಟೋಗಿಲ್ಲ ಅನ್ಸ್ತದೆ" ಅಂದರು. ಇದು ಯಾವ ಪುಸ್ತಕದಲ್ಲೂ ಇಲ್ಲದ ವೈದ್ಯ. ಆದರೆ ತೊಳೆಸಿಕೊಂಡವರ ನಡುಕ ನಿಲ್ಲುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನನ್ನನ್ನು ಛೇಡಿಸುವುದು ಅವರಿಗೆ ನಿತ್ಯದ ಕೆಲಸ. ನನ್ನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಅವರದರಲ್ಲಿ ರಾಗಿಮುದ್ದೆ. "ಆ ಒಣರೊಟ್ಟಿ ತಿಂದೂ ತಿಂದೂ ನಿನ್ ಮನ್ಸೂ ಗಟ್ಟಿಯಾಗೈತೆ. ಒಂದ್ಗಂಟೆ ಹೊಡೀತು ಅಂದ್ರೆ ಸಾಕು, ಕಿಟ್ಕಿ ಧಡ್ ಅಂತ ಮುಚ್ತೀಯ" ಎನ್ನುತ್ತಿದ್ದರು. ಮುಚ್ಚುತ್ತಿದ್ದೆ, ನಿಜ. ಒಂದು ಗಂಟೆಗೆ ಮುಚ್ಚಬೇಕು ಎಂದು ಗೋಡೆಯ ಮೇಲೆ ಬರೆದಿತ್ತಲ್ಲ. ಸಾಲಿನಲ್ಲಿ ನಿಂತವರು ಕಿಟಕಿ ತಟ್ಟಿದರೆ ಒಳಗಿನಿಂದ "ನಾಳೆ ಬನ್ನಿ" ಅನ್ನುತ್ತಿದ್ದೆ. ಅವರಲ್ಲಿ ಯಾರಿಗೆ ಅರ್ಧ ದಿನದ ಕೂಲಿ ಹೋಯಿತೋ ನಾನು ಕೇಳಿದವಳಲ್ಲ.

ಅವರದು ಅಲ್ಲಿಯದೇ ಹಳೆಯ ಮನೆತನ. ಕಾರ್ಖಾನೆಗಳು ಬರುವಾಗ ಹೊಲ ಹೋಯಿತು. ಹೊಲ ಕಳೆದುಕೊಂಡವರಿಗೆ ಕೆಲಸ ಕೊಡುತ್ತೇವೆ ಎಂದು ಸರ್ಕಾರ ಹೇಳಿತ್ತಂತೆ. ಹೇಳಿದ್ದನ್ನು ನಂಬಿ ಎಷ್ಟೋ ಸಲ ಕಚೇರಿಗೆ ಅಲೆದರೂ ಬಾಗಿಲ ಹೊರಗಿನ ಜವಾನನಿಂದ ಮುಂದಕ್ಕೆ ಹೋಗಲಾಗಿರಲಿಲ್ಲ. ಆಗ ಊರಿನ ಒಬ್ಬರು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ, ಕೈಹಿಡಿದು ಅಧಿಕಾರಿಯ ಮೇಜಿನ ಮುಂದೆಯೇ ನಿಲ್ಲಿಸಿದರು. ಹದಿನೈದು ದಿನದಲ್ಲಿ ಆರ್ಡರು ಬಂತು. ಸ್ಕೂಟರಿನ ಆ ಮನುಷ್ಯ ಮುಂದೆ ಚುನಾವಣೆಗೆ ನಿಂತರು, ಗೆದ್ದರು, ದೊಡ್ಡವರಾದರು. ಯಾವ ಪಕ್ಷ, ಯಾವ ಪದವಿ ಎಂಬುದು ಇಲ್ಲಿ ಬೇಡ. ಮುಖಂಡರು ಎಂದಿಟ್ಟುಕೊಳ್ಳೋಣ. ಡ್ರೆಸ್ಸರಣ್ಣನ ಬಾಯಲ್ಲಿ ಅವರು ಸಾಹೇಬ್ರು.

"ಆ ಕೆಲಸ ನಿಮಗೆ ಬರಬೇಕಾದದ್ದೇ ಅಲ್ವಾ ಅಣ್ಣಾ? ಹೊಲ ಕೊಟ್ಟಿದ್ರಿ, ಸರ್ಕಾರ ಕೆಲಸ ಕೊಡ್ತು. ಅವರೇನು ಕೊಟ್ಟರು?" ಎಂದು ನಾನು ಕೆಣಕುತ್ತಿದ್ದೆ.

"ಸರ್ಕಾರ ಅಂದ್ರೆ ಯಾರಮ್ಮ? ನಾನಂತೂ ಅದ್ರ ಮೊಕ ನೋಡಿಲ್ಲ. ಕೈ ಹಿಡ್ಕೊಂಡು ಒಳಕ್ಕೆ ಕರ್ಕೊಂಡೋದೋರ ಮೊಕ ನೋಡಿವ್ನಿ."

ಮುಖಂಡರು ಕೆಟ್ಟವರಾಗಿದ್ದರೆ ನನಗೆ ಈ ಬರವಣಿಗೆ ಸುಲಭವಾಗುತ್ತಿತ್ತು. ಡ್ರೆಸ್ಸರಣ್ಣನ ಮಗಳ ಮದುವೆಯಲ್ಲಿ ಅವರು ಎಲ್ಲರ ಜತೆ ಪಂಕ್ತಿಯಲ್ಲಿ ಕುಳಿತು ಉಂಡರು, ಬಡಿಸುವವರನ್ನು ಹೆಸರು ಹಿಡಿದು ಕರೆದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಅಂಥವರೇ ಮುಂದೆ ನಮ್ಮ ಡಿಸ್ಪೆನ್ಸರಿಯನ್ನು ಮುಚ್ಚಿಸುವ ಯೋಜನೆಗೆ ಮುಂದೆ ನಿಂತರು. ಚಿಕ್ಕ ಚಿಕ್ಕ ಡಿಸ್ಪೆನ್ಸರಿಗಳು ದಂಡ, ಅವನ್ನು ನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸೇರಿಸುವುದು, ಈ ಜಾಗವನ್ನು ಖಾಸಗಿಯವರಿಗೆ ಕೊಟ್ಟು ಐದು ಮಹಡಿಯ ಆಸ್ಪತ್ರೆ ಕಟ್ಟಿಸುವುದು, ಅದರಲ್ಲಿ ಬಡವರಿಗೆಂದು ಕೆಲವು ಹಾಸಿಗೆ ಮೀಸಲಿಡುವುದು. ಆ ಹಾಸಿಗೆ ಯಾರಿಗೆ ಸಿಗಬೇಕು ಎಂದು ಚೀಟಿ ಬರೆದುಕೊಡುವವರು ಮುಖಂಡರು. ಚುನಾವಣೆಗೆ ಮುಂಚೆ ಇದನ್ನೆಲ್ಲ ಅಚ್ಚುಹಾಕಿಸಿ ಮನೆಮನೆಗೆ ಹಂಚಿದರು. ಬಾಗಲಗುಂಟೆಯಲ್ಲಿ ಆ ಕಾಗದ ಹಂಚಿದ್ದು ಯಾರು ಅಂದುಕೊಂಡಿರಿ? ಡ್ರೆಸ್ಸರಣ್ಣ. ಕೆಲಸ ಮುಗಿಸಿ, ಅಯೋಡಿನ್ ಬಣ್ಣದ ಅದೇ ಕೈಗಳಲ್ಲಿ ಹಂಚಿದರು.

ನಾನು ಕೆಂಡವಾದೆ. ನರ್ಸಮ್ಮನೂ ನಾನೂ ಸೇರಿ ಒಂದು ಮನವಿ ಬರೆದು, ಬಂದ ರೋಗಿಗಳ ಸಹಿ ಹಾಕಿಸತೊಡಗಿದೆವು. ಮೊದಲ ಎರಡು ದಿನ ಹಾಕಿದರು. ಮೂರನೆಯ ದಿನದಿಂದ ಜನ ಕಾಗದ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋಗಿ "ಹಾಕ್ಲಾ ಅಣ್ಣಾ?" ಎಂದು ಕೇಳಲು ಶುರುಮಾಡಿದರು. ಅವರು ಬೇಡ ಎನ್ನಲಿಲ್ಲ. "ಲಿಫ್ಟಿರೋ ಆಸ್ಪತ್ರೆ ಬತ್ತದಂತೆ ಕಣಪ್ಪ. ಸಾಹೇಬ್ರು ಮಾತು ಕೊಟ್ಟವ್ರೆ" ಎಂದಷ್ಟೇ ಹೇಳಿದರು. ತಮ್ಮ ಕೈ ತೊಳೆದವರ ಮಾತು. ಸಹಿ ಅಲ್ಲಿಗೇ ನಿಂತುಹೋಯಿತು.

ಅವತ್ತು ಊಟದ ಹೊತ್ತಿಗೆ ನಾನು ಅವರ ಕೋಣೆಗೆ ಹೋಗಿ ಜಗಳಕ್ಕೇ ನಿಂತೆ. "ನಿಮ್ಮ ಕೋಣೆಗೇ ನೀವು ಬೀಗ ಹಾಕಿಸ್ತಿದ್ದೀರಲ್ಲ, ಬುದ್ಧಿ ಬೇಡ್ವಾ?"

ಅವರು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಕತ್ತರಿಸುತ್ತಿದ್ದರು, ನಿಲ್ಲಿಸಲಿಲ್ಲ. "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಇದು ಮುಚ್ಚಿದ್ರೆ ಯಾರು ಅಳ್ತಾರೆ? ನಿನ್ ಕಿಟ್ಕಿ ಮುಂದೆ ನಿಂತು ವಾಪಸ್ ಓದೋರಾ? ಡಾಕ್ಟ್ರು ತಲೆ ಎತ್ತಿ ಮೊಕ ನೋಡ್ದೆ ಬರ್ಕೊಟ್ಟ ಗುಳಿಗೆ ತಗೊಂಡೋರಾ? ಅಲ್ಲಿ ಸಾಹೇಬ್ರ ಮನೇಗೆ ಓದ್ರೆ ಕೂತ್ಕೋ ಅಂತಾರೆ. ನಿಮ್ಮಪ್ಪ ಎಂಗವ್ನೆ ಅಂತಾರೆ. ಚೀಟಿ ಮೇಲೆ 'ಇವರು ನಮ್ಮವರು' ಅಂತ ಬರೀತಾರೆ. ನಮ್ ಡಿಸ್ಪೆನ್ಸರೀಲಿ ಯಾರಾದ್ರೂ ಯಾರಿಗಾದ್ರೂ ನಮ್ಮವ್ರು ಅಂದಿದ್ದುಂಟಾ?"

"ನೀವು ಅಂದಿದ್ದೀರಿ" ಎನ್ನಬೇಕಿತ್ತು ನಾನು. ಸಿಟ್ಟಿನಲ್ಲಿ ಅದು ಹೊಳೆಯಲಿಲ್ಲ. ಬಾಗಿಲು ಎಳೆದುಕೊಂಡು ಬಂದೆ.

ಮುಖಂಡರು ಗೆದ್ದರು, ಡಿಸ್ಪೆನ್ಸರಿ ಮುಚ್ಚಿತು. ನನ್ನನ್ನು ಬೊಮ್ಮನಹಳ್ಳಿ ಕಡೆಗೆ ಹಾಕಿದರು, ನಾವು ಮನೆಯನ್ನೂ ಅಲ್ಲಿಗೇ ಬದಲಾಯಿಸಿದೆವು. ಡ್ರೆಸ್ಸರಣ್ಣನನ್ನು ನಗರದ ಆ ದೊಡ್ಡ ಆಸ್ಪತ್ರೆಗೆ ಹಾಕಿದರು. ಎರಡು ಬಸ್ಸು ಹತ್ತಿ ಇಳಿದು ಒಂದು ವರ್ಷ ಹೋಗಿ ಬಂದು ಅಲ್ಲಿಂದಲೇ ನಿವೃತ್ತರಾದರು. ಪೀಣ್ಯದ ಜಾಗದಲ್ಲಿ ಐದು ಮಹಡಿ ಎದ್ದಿತು. ಲಿಫ್ಟೂ ಇತ್ತು. ಗೇಟಿನಲ್ಲಿ ಸೆಕ್ಯುರಿಟಿಯವನು ಎಣ್ಣೆಕೈಯವರನ್ನು ಕಂಡರೆ "ಚೀಟಿ ಇದ್ಯಾ?" ಎಂದು ಕೇಳುತ್ತಿದ್ದ.

ಹೀಗಾಗಿ ಬೆರಳು ಜಜ್ಜಿಕೊಂಡವರು ಬಾಗಲಗುಂಟೆಯ ಅವರ ಮನೆ ಜಗುಲಿಗೇ ಬರತೊಡಗಿದರು. ಕಟ್ಟುವಂಥದ್ದನ್ನು ಅವರೇ ಕಟ್ಟಿ ಕಳಿಸುತ್ತಿದ್ದರು. ಕಟ್ಟಲಾಗದ್ದನ್ನು ಬೆಳಗ್ಗೆ ಮುಖಂಡರ ಮನೆಗೆ ಕರೆದುಕೊಂಡು ಹೋಗಿ ಚೀಟಿ ಕೊಡಿಸುತ್ತಿದ್ದರು. ಒಮ್ಮೆ ನಾನು ಹೋದಾಗ ಈ ಕಥೆಗಳನ್ನೆಲ್ಲ ಬಹಳ ಉಮೇದಿನಿಂದ ಹೇಳಿದರು. "ನಾನು ಓದ್ರೆ ಸಾಹೇಬ್ರು ಎದ್ದು ಬತ್ತಾರೆ ಕಣಮ್ಮ." ಒಬ್ಬನು ಚೀಟಿಗಾಗಿ ಎರಡು ದಿನ ಕಾದದ್ದರಿಂದ ಕೈ ಬಾತು ಕೀವಾದದ್ದನ್ನೂ ಅದೇ ಉಸಿರಿನಲ್ಲಿ ಹೇಳಿದರು. ಕೊನೆಗೆ ಚೀಟಿ ಸಿಕ್ಕಿತಲ್ಲ ಎಂಬುದೇ ಅವರಿಗೆ ದೊಡ್ಡದು. ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಮರುವರ್ಷ ಒಂದು ದಿನ ಬೊಮ್ಮನಹಳ್ಳಿಯ ಡಿಸ್ಪೆನ್ಸರಿಗೆ ಅವರ ಮಗಳು ಫೋನ್ ಮಾಡಿದಳು. ಅಪ್ಪನಿಗೆ ಸಕ್ಕರೆ ಕಾಯಿಲೆ, ನಿನಗೆ ಗೊತ್ತಲ್ಲ ಅಕ್ಕಾ ಅಂದಳು. ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ್ದನ್ನು ತಾವೇ ಕಟ್ಟಿಕೊಂಡು ತಿಂಗಳಾಯಿತಂತೆ. ಈಗ ಬೆರಳು ಕಪ್ಪಾಗಿ ವಾಸನೆ ಬರುತ್ತಿದೆ, ಜ್ವರ ಇಳಿಯುತ್ತಿಲ್ಲ. "ಸರ್ಕಾರಿ ದೊಡ್ಡಾಸ್ಪತ್ರೆಗೆ ಓಗಾನ ಅಂದ್ರೆ ಬರಲ್ಲ ಅಂತಾರೆ. ಸಾಹೇಬ್ರು ಊರಾಗಿಲ್ಲ, ಅವ್ರು ಬರ್ಲಿ, ಚೀಟಿ ತಗೊಂಡೇ ಓಯ್ತೀನಿ ಅಂತ ಕೂತವ್ರೆ. ನಮ್ ಮಾತು ಕೇಳಲ್ಲ. ನೀನು ಬಂದು ಯೋಳಿದ್ರೆ ಕೇಳ್ತಾರೆ ಅಕ್ಕಾ, ಒಂದ್ಸಲ ಬಾ."

ನನಗೆ ಮೈಯೆಲ್ಲ ಉರಿದುಹೋಯಿತು. ಸರ್ಕಾರಿ ಆಸ್ಪತ್ರೆಗೆ ಹೋಗಲು ಯಾರಿಗೂ ಚೀಟಿ ಬೇಡ. ಅದರಲ್ಲೂ ಇವರು ಅಲ್ಲೇ ಕೆಲಸ ಮಾಡಿ ನಿವೃತ್ತರಾದವರು, ಗೇಟಿನಿಂದ ಆಪರೇಷನ್ ಕೋಣೆಯವರೆಗೂ ಗುರುತಿನವರು. "ಚೀಟಿ ಯಾಕಮ್ಮ ಬೇಕು? ಆಟೋದಲ್ಲಿ ಹಾಕ್ಕೊಂಡು ಸೀದಾ ಹೋಗಿ. ಇವತ್ತೇ ಹೋಗಿ. ನಾನು ಹೇಳಿದೆ ಅಂತ ಹೇಳಿ" ಅಂದೆ. ಕಿಟಕಿಯ ಮುಂದೆ ಸಾಲು ಬೆಳೆದಿತ್ತು. ಫೋನ್ ಇಟ್ಟೆ. ಬೊಮ್ಮನಹಳ್ಳಿಯಿಂದ ಬಾಗಲಗುಂಟೆಗೆ ಹೋಗಿ ಬರುವುದೆಂದರೆ ಒಂದು ದಿನ ರಜೆ ಹಾಕಬೇಕು. ಭಾನುವಾರ ಹೋಗೋಣ ಅಂದುಕೊಂಡೆ.

ಡ್ರೆಸ್ಸರಣ್ಣ ಮೂರು ದಿನ ಕಾದರು. ಬೆಳಗ್ಗೆ ಎದ್ದು, ಕಾಲನ್ನು ತಾವೇ ತೊಳೆದು ಕಟ್ಟಿಕೊಂಡು, ಕೋಲೂರಿಕೊಂಡು ಮುಖಂಡರ ಮನೆಯ ಮುಂದಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂರುತ್ತಿದ್ದರಂತೆ. ಮಧ್ಯಾಹ್ನ ಯಾರಾದರೂ ತಂದು ಮನೆಗೆ ಬಿಡುತ್ತಿದ್ದರಂತೆ. ನಾಲ್ಕನೆಯ ದಿನ ಮುಖಂಡರು ಊರಿಗೆ ವಾಪಸು ಬಂದರು. ಬೆಂಚಿನ ಮೇಲೆ ಇವರನ್ನು ಕಂಡು ಚೀಟಿ ಬರೆಯುತ್ತ ಕೂರಲಿಲ್ಲ. ತಾವೇ ಎತ್ತಿ ತಮ್ಮ ಕಾರಿನಲ್ಲಿ ಕೂರಿಸಿಕೊಂಡು ನಗರದ ಆಸ್ಪತ್ರೆಗೆ ಹೋದರು. ಅಲ್ಲಿ ಸಿಬ್ಬಂದಿಯೆಲ್ಲ ಎದ್ದು ನಿಂತಿತಂತೆ. ಅಂದೇ ಕಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆದರು.

ಭಾನುವಾರ ನಾನು ಹೋಗಿದ್ದು ಆಸ್ಪತ್ರೆಗೆ. ಒಬ್ಬ ಹೊಸ ಡ್ರೆಸ್ಸರ್ ಬಂದು ಮಾತಿಲ್ಲದೆ ಪಟ್ಟಿ ಕೀಳುತ್ತಿದ್ದ. ಡ್ರೆಸ್ಸರಣ್ಣ ಹಲ್ಲು ಕಚ್ಚಿಕೊಂಡು, "ನೀರಾಕಿ ನೆನಸ್ಕೊಂಡು ಬಿಚ್ಚಪ್ಪ, ನಿಂಗೂ ಸಲೀಸಾಯ್ತದೆ" ಎಂದು ಅವನಿಗೆ ಪಾಠ ಹೇಳಿದರು. ಅವನು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

"ಗಾಯ ನೋಡೋದ್ರಲ್ಲಿ ನಿಮಗಿಂತ ತಿಳಿದವರು ಯಾರಿದ್ದಾರೆ ಅಣ್ಣಾ? ಮೂರು ದಿನ ಅಂದರೇನು ಅಂತ ನಿಮಗೆ ಗೊತ್ತಿರಲಿಲ್ವಾ? ಬರೀ ಬೆರಳಲ್ಲಿ ಹೋಗ್ತಿತ್ತಲ್ಲ! ನಿಮಗೆ ಯಾಕೆ ಬೇಕಿತ್ತು ಚೀಟಿ?"

ಅವರು ಹೊದಿಕೆಯನ್ನು ಮೇಲಕ್ಕೆಳೆದುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. "ಗೊತ್ತಿತ್ತು ಕಣಮ್ಮ. ಆದ್ರೆ ಎಷ್ಟ್ ಜನುಕ್ಕೆ ನಾನು ಚೀಟಿ ತಗೊಂಡೇ ಓಗಿ ಅಂದಿದ್ದೆ. ಎಷ್ಟ್ ಜನ ಕಾಯ್ದ್ರು. ಈಗ ನನ್ ಕಾಲಿಗೆ ಬಂದಾಗ ನಾನು ಚೀಟಿ ಇಲ್ದೆ ಎದ್ದೋಗ್ಬಿಟ್ರೆ ಅವ್ರು ಕಾಯ್ದಿದ್ದು ಏನಾಯ್ತು? ಸುಮ್ನೆ ಕಾಯ್ದಂಗಾಯ್ತಲ್ಲ."

ನಾನು ಅತ್ತೆ. ಅವರೇ ಸಮಾಧಾನ ಮಾಡಿದರು. ಕೀವಾದ ಕೈಯವನ ಹೆಸರು ಹೇಳಿ, ಅವನು ಈಗ ಎಲ್ಲಿದ್ದಾನೋ ವಿಚಾರಿಸು ಅಂದರು. ನಾನು ಅವರನ್ನು ದಡ್ಡ ಭಕ್ತನೆಂದು ಎಣಿಸಿ ವರ್ಷಗಟ್ಟಲೆ ಹಾಸ್ಯ ಮಾಡಿದ್ದೆ. ತಾನು ಹೇಳಿದ ಮಾತು ಸುಳ್ಳಾಗಬಾರದೆಂದು ತನ್ನ ಕಾಲನ್ನೇ ಕೊಟ್ಟು ಕೂತ ಮನುಷ್ಯನ ಮುಂದೆ ನನ್ನ ಜಾಣತನ ನಾಚಿಕೊಂಡಿತು.

ವಿಷ ಮೈಗೇರಿತ್ತು. ಮೂರು ವಾರಕ್ಕೆ ತೀರಿಕೊಂಡರು. ಮುಖಂಡರು ಬಂದು ಚಾಪೆಯ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ಅದು ನಾಟಕವೆಂದು ಅವತ್ತು ಹೇಳಲು ನನಗೆ ಇಷ್ಟವಿತ್ತು, ಆದರೆ ಆ ಕಣ್ಣೀರು ನಿಜವಾಗಿತ್ತು. ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಕಾರ್ಖಾನೆಯವರು ಬೀದಿ ತುಂಬ ನಿಂತಿದ್ದರು.

ಕೆಲವು ತಿಂಗಳಿಗೆ ಮತ್ತೆ ಚುನಾವಣೆ ಬಂತು. ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಬಾಗಲಗುಂಟೆಯಲ್ಲೇ ಉಳಿದಿತ್ತು. ಶಾಲೆಯ ಅಂಗಳದಲ್ಲಿ ಹೆಂಗಸರ ಸಾಲಿನಲ್ಲಿ ನಿಂತರೆ, ನನ್ನ ಮುಂದೆಯೇ ಡ್ರೆಸ್ಸರಣ್ಣನ ಹೆಂಡತಿ. ಸೀರೆಯ ಸೆರಗಿನಲ್ಲಿ ಮುಖಂಡರ ಪಕ್ಷದ ಚಿಹ್ನೆಯಿದ್ದ ಕಾಗದ ಇಣುಕುತ್ತಿತ್ತು. ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ.

"ಅಕ್ಕಾ, ಇವತ್ತೂ ಅವರಿಗೇನಾ? ಆ ಡಿಸ್ಪೆನ್ಸರಿ ಇದ್ದಿದ್ರೆ ಅಣ್ಣನ ಬೆರಳು ಮೊದಲನೇ ದಿನವೇ ಡಾಕ್ಟರ ಕಣ್ಣಿಗೆ ಬೀಳ್ತಿತ್ತು. ಮುಚ್ಚಿಸಿದ್ದು ಯಾರು ಅಂತ ನಿಮಗೆ ಗೊತ್ತಿಲ್ವಾ?"

ಅವರು ತಿರುಗಿ ನೋಡಿದರು. ಸಿಟ್ಟಿರಲಿಲ್ಲ. "ಗೊತ್ತು ಕಣಮ್ಮ. ಮುಚ್ಸಿದ್ದು ಅವ್ರೇ. ಕಾಲು ಓಗಿದ್ದೂ ಅದ್ರಿಂದ್ಲೇ. ನಾನೇನು ಎಳೇ ಮಗಾನಾ, ಗೊತ್ತಿಲ್ದೇ ಇರಾಕೆ?"

"ಮತ್ತೆ?"

"ಆ ಕಾಲಿನ ವಾಸ್ನೆಗೆ ಮನೆ ಮಕ್ಳೇ ಮೂಗು ಮುಚ್ಕೊಂಡು ಆಚೆ ನಿಂತಿದ್ರು. ಅವ್ರು ಬಂದು ಎತ್ಕೊಂಡ್ರು." ಸಾಲು ಒಂದು ಹೆಜ್ಜೆ ಮುಂದೆ ಹೋಯಿತು, ಅವರೂ ಹೋದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು. "ನೀನು ಫೋನಾಗೆ ಯೋಳಿದ್ದು ಸರಿಯಾಗೇ ಇತ್ತು ಕಣಮ್ಮ. ಮಗ್ಳು ಅಂಗೇ ಬಂದು ಯೋಳಿದ್ಲು. ಅದ್ಕೆ ಇವ್ರು, ಅವಳೇ ಬತ್ತಾಳೆ ತಡಿ, ಅವಳು ಬಂದು ಬೈದ್ರೆ ಓಗಾನ ಅಂದ್ರು. ಮೂರು ದಿನ ಸಾಯಂಕಾಲ ಜಗುಲಿ ಮೇಲೆ ಕೂತು ಬೀದಿ ನೋಡಿದ್ರು."

ಒಳಗಿನಿಂದ ಹೆಸರು ಕೂಗಿದರು. ಅವರು ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಯಾರಿಗೆ ಹಾಕಿದಿರಿ ಎಂದು ಆಮೇಲೆ ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.